ಕೆಚ್ಚಲು ಬಾವಿನ ಖರ್ಚೂ ಲುಕ್ಸಾನೂ

ಹಸುವಿನ ಕೆಚ್ಚಲು ಊದಿ, ಕೆಂಪೇರಿ, ಕೈ ಸೋಕಿದರೆ ಒದೆಯುವಂತಾಗಿ, ಹಾಲಿನಲ್ಲಿ ಗರಣೆಯೂ ಕೆಲವು ವೇಳೆ ರಕ್ತವೂ ಕಾಣಿಸಿಕೊಂಡರೆ ಅದು ಕೆಚ್ಚಲು ಬಾವೆಂದು ತಿಳಿಯುವುದಕ್ಕೆ ಯಾವ ರೈತನಿಗೂ ಪುಸ್ತಕ ಬೇಕಾಗಿಲ್ಲ. ಕೂಡಲೆ ಪಶುವೈದ್ಯರಿಗೆ ಹೇಳಿಕಳುಹಿಸುವುದೂ, ಔಷಧವನ್ನು ಕೊಡಿಸುವುದೂ, ನಾಲ್ಕಾರು ದಿನ ಹಾಲನ್ನು ಚೆಲ್ಲುವುದೂ ಎಲ್ಲ ಕಡೆಯಲ್ಲಿಯೂ ನಡೆದುಬಂದಿರುವ ರೂಢಿ. ಹಸು ಚೇತರಿಸಿಕೊಂಡ ಮೇಲೆ ಯಜಮಾನನು ವೈದ್ಯರಿಗೂ ಔಷಧಕ್ಕೂ ಕೊಟ್ಟ ಹಣವನ್ನು ಎಣಿಸಿ, ಈ ರೋಗದಿಂದ ತನಗೆ ಇಷ್ಟು ಲುಕ್ಸಾನಾಯಿತೆಂದು ಹೇಳುವನು. ಈ ಲೆಕ್ಕ ಸುಳ್ಳಲ್ಲ; ಆದರೆ ಬಹಳ ಅಪೂರ್ಣವಾದುದು. ಕೆಚ್ಚಲು ಬಾವಿನಿಂದಾಗುವ ನಷ್ಟದ ಹೆಚ್ಚಿನ ಪಾಲು ಕಣ್ಣಿಗೆ ಬೀಳದ ಹಸುಗಳಲ್ಲಿ, ಅಂದರೆ ಆರೋಗ್ಯವಾಗಿಯೇ ಇವೆಯೆಂದು ಭಾವಿಸಲ್ಪಟ್ಟ ಹಸುಗಳಲ್ಲಿ ಆಗುತ್ತಿರುವುದು. ಆದಕಾರಣ ಈ ರೋಗದ ಮೇಲೆ ಹಣವನ್ನು ವೆಚ್ಚ ಮಾಡುವುದಕ್ಕೆ ಮುಂಚೆ ನಷ್ಟ ಎಲ್ಲಿ, ಎಷ್ಟು ಆಗುತ್ತಿದೆಯೆಂಬುದನ್ನು ಅಳೆದು ನೋಡುವುದು ಅವಶ್ಯಕ. ಹತ್ತು ಹಸುಗಳನ್ನು ಕಟ್ಟಿರುವ ಭೂಮಾಲೀಕರಿಗೂ, ಊರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನಡೆಸತಕ್ಕ ಗ್ರಾಮದ ಮುಖ್ಯಸ್ಥರಿಗೂ ಈ ವಿಚಾರವು ಸಮಾನವಾಗಿ ಸಂಬಂಧಿಸಿರುವುದು.

ಕಾಣದ ಬಾವು

ಹಸುವಿನ ಕೆಚ್ಚಲು ಹೊರಗಿನಿಂದ ಒಂದೇ ಚೀಲದಂತೆ ಕಂಡರೂ ಒಳಗೆ ನಾಲ್ಕು ಪ್ರತ್ಯೇಕ ಭಾಗಗಳುಂಟು. ಒಂದು ಮೊಲೆಯ ಹಾಲು ಮತ್ತೊಂದಕ್ಕೆ ಬೆರೆಯುವುದಿಲ್ಲ. ರೋಗವನ್ನುಂಟುಮಾಡುವ ಸೂಕ್ಷ್ಮಕ್ರಿಮಿಗಳು ಸಾಮಾನ್ಯವಾಗಿ ಮೊಲೆಯ ತುದಿಯ ರಂಧ್ರದ ಮೂಲಕವೇ ಒಳಹೊಗುವುವು. ಹೊಕ್ಕ ಕ್ರಿಮಿಗಳನ್ನು ಎದುರಿಸುವುದಕ್ಕಾಗಿ ರಕ್ತದಲ್ಲಿರುವ ಬಿಳಿಯ ಕಣಗಳು ಆ ಭಾಗಕ್ಕೆ ಧಾವಿಸಿ ಹಾಲಿನೊಡನೆ ಬೆರೆಯುವುವು. ಆರೋಗ್ಯವಾದ ಮೊಲೆಯ ಹಾಲಿನ ಒಂದು ಮಿಲಿಲೀಟರಿನಲ್ಲಿ ಇಂಥ ಕಣಗಳು ಸಾಮಾನ್ಯವಾಗಿ ಒಂದು ಲಕ್ಷಕ್ಕೆ ಮೀರುವುದಿಲ್ಲ. ಎರಡು ಲಕ್ಷವನ್ನು ದಾಟಿದರೆ ರೋಗವು ಸೇರಿದೆಯೆಂದು ಶಂಕಿಸಬೇಕು. ಕಣಗಳು ಎರಡು ಲಕ್ಷವಿದ್ದರೂ ಐದು ಲಕ್ಷವಿದ್ದರೂ ಹಾಲು ಬೆಳ್ಳಗೆಯೇ ಇರುವುದು. ಕೆಚ್ಚಲು ಮೆತ್ತಗೆಯೇ ಇರುವುದು. ಹಸು ಮೇವನ್ನು ಎಂದಿನಂತೆ ತಿನ್ನುವುದು. ಒಳಗೆ ಮಾತ್ರ ಹಾಲನ್ನುಂಟುಮಾಡುವ ಅಂಗಾಂಶವು ಕೆಟ್ಟು, ದಿನಕ್ಕೆ ಅರ್ಧ ಲೀಟರೋ ಒಂದು ಲೀಟರೋ ಸದ್ದಿಲ್ಲದೆ ಕಡಮೆಯಾಗುತ್ತಿರುವುದು. ಯಜಮಾನನು ಇದನ್ನು ಮೇವಿನ ಕೊರತೆಯೆಂದೋ, ಬಿಸಿಲಿನ ದೆಸೆಯೆಂದೋ, ಹಸುವಿನ ಗುಣವೇ ಅಷ್ಟೆಂದೋ ತಿಳಿದು ಸುಮ್ಮನಾಗುವನು.

ಹಾಲಿನ ದಾಖಲೆಗಳನ್ನು ಬಹುಕಾಲದಿಂದ ಹಸುವಾರಾಗಿ ಇಟ್ಟುಕೊಂಡು ಬಂದಿರುವ ಅಮೆರಿಕದಲ್ಲಿ ಈ ಸಂಬಂಧವನ್ನು ವಿಶದವಾಗಿ ಲೆಕ್ಕಹಾಕಿರುವರು. ಅಲ್ಲಿನ ವಾಡಿಕೆಯ ಗಣನೆಯಂತೆ, ಕಣಗಳ ಸಂಖ್ಯೆಯು ೫೦ ಸಾವಿರವನ್ನು ಮೀರಿ ಪ್ರತಿ ಸಲ ಇಮ್ಮಡಿಯಾದಾಗಲೂ, ಚೊಚ್ಚಲು ಹಸುವು ಒಂದು ಸೂಲಿನಲ್ಲಿ ಸುಮಾರು ೯೦ ಕಿಲೋಗ್ರಾಂ ಹಾಲನ್ನೂ, ಹೆಚ್ಚು ಸಲ ಕರು ಹಾಕಿದ ಹಸುವು ಸುಮಾರು ೧೮೦ ಕಿಲೋಗ್ರಾಂ ಹಾಲನ್ನೂ ಕಳೆದುಕೊಳ್ಳುವುದು. ಅಂದರೆ ನಾಲ್ಕು ಲಕ್ಷ ಕಣಗಳಿರುವ ಹಳೆಯ ಹಸುವಿನಲ್ಲಿ ಮೂರು ಇಮ್ಮಡಿಗಳಿಗೆ ಸರಿಯಾಗಿ ೫೪೦ ಕಿಲೋಗ್ರಾಂ ಹಾಲು ಹೋಯಿತೆಂದಾಯಿತು. ಆ ದೇಶದ ಹಸುಗಳು ನಮ್ಮ ಸೀಮೆಯ ಹಸುಗಳಿಗಿಂತ ಬಹುಪಾಲು ಹೆಚ್ಚು ಕರೆಯತಕ್ಕವಾದುದರಿಂದ ಈ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ನಷ್ಟದ ರೀತಿ ಎಲ್ಲಿಯೂ ಒಂದೇ.

ಪ್ರಮಾಣವಷ್ಟೇ ಅಲ್ಲದೆ ಹಾಲಿನ ಗುಣವೂ ಕೆಡುವುದು. ಬಾವು ಬಂದ ಮೊಲೆಯ ಹಾಲಿನಲ್ಲಿ ಕೇಸೀನೂ ಹಾಲಿನ ಸಕ್ಕರೆಯೂ ತಗ್ಗಿ, ಉಪ್ಪಿನ ಅಂಶಗಳು ಏರುವುವು. ಹಾಲು ನಾಲಗೆಗೆ ಸ್ವಲ್ಪ ಉಪ್ಪುಪ್ಪಾಗಿರುವುದು ಇದರಿಂದಲೇ. ಕರ್ನಾಟಕದ ಸಂಘಗಳಲ್ಲಿ ಹಾಲಿಗೆ ಬೆಲೆ ಕಟ್ಟುವುದು ಜಿಡ್ಡಿನಂಶವನ್ನೂ ಜಿಡ್ಡೇತರ ಘನಾಂಶವನ್ನೂ ನೋಡಿಯಾದುದರಿಂದ, ಅಳತೆಯಲ್ಲಿ ಕಡಮೆಯಾದ ಹಾಲಿಗೆ ದರದಲ್ಲಿಯೂ ಕಡಮೆಯಾಗುವ ಸಂಭವವುಂಟು.

ಕಾಣದ ಬಾವನ್ನು ಕಾಣುವಂತೆ ಮಾಡುವ ಉಪಾಯವು ಕಷ್ಟವಾದುದಲ್ಲ. ೧೯೫೭ರಲ್ಲಿ ಷಾಲ್ಮ್ ಮತ್ತು ನೂರ್ಲಾಂಡರ್ ಎಂಬವರು ಪ್ರಕಟಪಡಿಸಿದ ಕ್ಯಾಲಿಫೋರ್ನಿಯಾ ಪರೀಕ್ಷೆಯು ಇಂದಿಗೂ ಎಲ್ಲ ದೇಶಗಳಲ್ಲಿ ಬಳಕೆಯಲ್ಲಿದೆ. ನಾಲ್ಕು ಗುಂಡಿಗಳಿರುವ ತಟ್ಟೆಯಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಹಿಂಡಿ, ಅಷ್ಟೇ ಪ್ರಮಾಣದ ಪರೀಕ್ಷಾದ್ರವವನ್ನು ಹೊಯ್ದು ಮೆಲ್ಲಗೆ ತಿರುಗಿಸಬೇಕು. ದ್ರವದಲ್ಲಿರುವ ಸಾಬೂನಿನಂಥ ವಸ್ತುವು ಬಿಳಿಯ ಕಣಗಳನ್ನು ಒಡೆಯುವುದು. ಕಣಗಳು ಹೆಚ್ಚಾಗಿದ್ದರೆ ಮಿಶ್ರಣವು ಲೋಳೆಯಂತೆ ಗಟ್ಟಿಯಾಗುವುದು. ಆ ದ್ರವವು ದೊರೆಯದ ಕಡೆ, ಬಟ್ಟೆ ಒಗೆಯುವ ಸೋಪಿನ ಪುಡಿಯನ್ನು ಅರ್ಧ ಲೀಟರು ನೀರಿಗೆ ೧೫ ಗ್ರಾಮಿನಂತೆ ಕರಗಿಸಿ, ಹಾಲಿಗೆ ಸಮಸಮವಾಗಿ ಬೆರೆಸಿದರೂ ಒಂದು ಮಟ್ಟಿಗೆ ಕೆಲಸವಾಗುವುದು. ಪರೀಕ್ಷೆಗೆ ತೆಗೆದ ಹಾಲನ್ನು ಕೊಟ್ಟಿಗೆಯ ನೆಲಕ್ಕೆ ಚೆಲ್ಲದೆ ದೂರ ಹಾಕತಕ್ಕದ್ದು. ಕರು ಹಾಕಿದ ಮೊದಲ ವಾರದ ಗಿಣ್ಣು ಹಾಲಿಗೂ, ಬತ್ತುತ್ತಿರುವ ಹಸುವಿನ ಹಾಲಿಗೂ ಈ ಪರೀಕ್ಷೆಯಿಂದ ಯಾವ ತೀರ್ಮಾನವನ್ನೂ ಮಾಡಬಾರದು. ಆಗ ಕಣಗಳು ಸಹಜವಾಗಿಯೇ ಹೆಚ್ಚಿರುವುವು.

ಎರಡು ಬಗೆಯ ಕ್ರಿಮಿಗಳು

ಬಾವನ್ನುಂಟುಮಾಡುವ ಕ್ರಿಮಿಗಳು ಅನೇಕವಿದ್ದರೂ ಖರ್ಚಿನ ದೃಷ್ಟಿಯಿಂದ ಅವನ್ನು ಎರಡು ಬಗೆಯಾಗಿ ತಿಳಿದರೆ ಸಾಕು. ಮೊದಲನೆಯ ಬಗೆಯವು ಹಸುವಿನ ಕೆಚ್ಚಲಿನಲ್ಲಿಯೇ ವಾಸಿಸಿ, ಹಾಲು ಕರೆಯುವವನ ಕೈಯಿಂದಲೂ ಕೆಚ್ಚಲು ಒರೆಸುವ ಬಟ್ಟೆಯಿಂದಲೂ ಯಂತ್ರದ ಬಟ್ಟಲುಗಳಿಂದಲೂ ಹಸುವಿನಿಂದ ಹಸುವಿಗೆ ಹರಡತಕ್ಕವು. ೧೮೮೭ರಲ್ಲಿ ಫ್ರಾನ್ಸಿನ ನೊಕಾರ್ ಮತ್ತು ಮೊಲ್ಲೆರೋ ಎಂಬವರು ವರ್ಣಿಸಿದ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಈ ಗುಂಪಿಗೆ ಸೇರಿದುದು. ಇದು ಪೆನಿಸಿಲಿನ್ನಿಗೆ ಸುಲಭವಾಗಿ ಮಣಿಯುವುದು. ಸ್ಟೆಫಿಲೊಕಾಕಸ್ ಆರಿಯಸ್ ಎಂಬುದೂ ಇದೇ ಗುಂಪಿನದು. ಆದರೆ ಅದು ಕೆಚ್ಚಲಿನ ಒಳಗೆ ಗಂಟುಗಳಲ್ಲಿ ಅಡಗಿ ಕುಳಿತು, ಎಷ್ಟು ಔಷಧ ಕೊಟ್ಟರೂ ಅನೇಕ ವೇಳೆ ಬಿಟ್ಟುಹೋಗದು. ಎರಡನೆಯ ಬಗೆಯವು ಸೆಗಣಿ, ಗಂಜಲ, ಕೆಸರು, ನೆನೆದ ಹುಲ್ಲುಹಾಸು ಮುಂತಾದವುಗಳಲ್ಲಿ ಬೆಳೆದು, ಹಸು ಮಲಗಿದಾಗ ಮೊಲೆಯನ್ನು ಸೇರತಕ್ಕವು, ಈ. ಕೊಲೈ ಎಂಬುದು ಇವುಗಳಲ್ಲಿ ಮುಖ್ಯವಾದುದು. ಮೊದಲನೆಯ ಬಗೆಯ ಬಾವು ಹೆಚ್ಚಾಗಿ ಕಾಣದ ಬಾವು, ತಿಂಗಳುಗಟ್ಟಲೆ ಉಳಿಯುವುದು. ಎರಡನೆಯದು ಸಾಮಾನ್ಯವಾಗಿ ಥಟ್ಟನೆ ಬಂದು, ಜ್ವರವೇರಿಸಿ, ಹಸುವನ್ನೇ ಕೊಂದರೂ ಕೊಲ್ಲಬಹುದು. ಮೊದಲನೆಯದಕ್ಕೆ ಕೈಯ ಶುದ್ಧಿ, ಎರಡನೆಯದಕ್ಕೆ ನೆಲದ ಶುದ್ಧಿ ಮದ್ದು. ಒಂದಕ್ಕೆ ಮಾಡಿದ ವೆಚ್ಚ ಮತ್ತೊಂದಕ್ಕೆ ಅಷ್ಟಾಗಿ ಫಲಿಸದು.

ಈ ಭೇದವು ಸ್ಪಷ್ಟವಾಗಿ ತಿಳಿದುಬಂದುದು ಇಂಗ್ಲೆಂಡಿನ ಅನುಭವದಿಂದ. ಆ ದೇಶದ ರೆಡಿಂಗ್ ನಗರದ ಸಮೀಪದಲ್ಲಿದ್ದ ರಾಷ್ಟ್ರೀಯ ಹೈನು ಸಂಶೋಧನಾಲಯದಲ್ಲಿ ಡಾಡ್, ನೀವ್, ಕಿಂಗ್‌ವಿಲ್ ಮೊದಲಾದವರು ೧೯೬೦ರ ದಶಕದಲ್ಲಿ ಅನೇಕ ಮಂದೆಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಅವರ ವಿಚಾರಸರಣಿಯನ್ನು ಒಂದು ಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಕೆರೆಯಲ್ಲಿ ಎಷ್ಟು ನೀರು ನಿಂತಿರುವುದೆಂಬುದು ಕಾಲುವೆಯಿಂದ ಬರುವ ನೀರನ್ನೂ ತೂಬಿನಿಂದ ಹೋಗುವ ನೀರನ್ನೂ ಅನುಸರಿಸಿರುವುದು. ಹಾಗೆಯೇ ಮಂದೆಯಲ್ಲಿ ರೋಗವಿರುವ ಮೊಲೆಗಳ ಸಂಖ್ಯೆಯು, ಹೊಸದಾಗಿ ಎಷ್ಟಕ್ಕೆ ರೋಗ ತಗಲುತ್ತಿದೆ, ತಗಲಿದ ರೋಗ ಎಷ್ಟು ಕಾಲ ಉಳಿಯುತ್ತಿದೆ, ಎಂಬ ಎರಡರ ಮೇಲೆ ನಿಂತಿರುವುದು. ರೋಗ ಬಂದ ಹಸುಗಳಿಗೆ ಔಷಧ ಕೊಡುವುದು ತೂಬನ್ನು ಎತ್ತಿದಂತೆ. ಕಾಲುವೆಯನ್ನು ಕಟ್ಟದಿದ್ದರೆ ಕೆರೆ ಮತ್ತೆ ತುಂಬುವುದು. ಕಾಲುವೆಯನ್ನು ಮಾತ್ರ ಕಟ್ಟಿ ತೂಬನ್ನು ಎತ್ತದಿದ್ದರೆ ಕೆರೆ ಬರಿದಾಗಲು ವರ್ಷಗಳು ಹಿಡಿಯುವುವು. ಆದುದರಿಂದ ಅವರು ಎರಡೂ ಕಡೆಗೆ ಕೈಹಾಕಿ, ಪ್ರತಿ ಸಲ ಹಾಲು ಕರೆದ ಮೇಲೆ ಮೊಲೆಗಳನ್ನು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದುವುದು, ಹಾಲು ಬತ್ತಿಸುವಾಗ ಮೊಲೆಗಳೊಳಕ್ಕೆ ಔಷಧವನ್ನು ಏರಿಸುವುದು, ಕಾಣುವ ಬಾವಿಗೆ ಕೂಡಲೆ ಚಿಕಿತ್ಸೆ, ವಾಸಿಯಾಗದ ಹಸುಗಳನ್ನು ಮಂದೆಯಿಂದ ತೆಗೆಯುವುದು, ಹಾಲು ಕರೆಯುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು ಎಂಬ ಐದಂಶಗಳ ಕ್ರಮವನ್ನು ರೂಪಿಸಿದರು.

ಮೊಲೆ ಅದ್ದುವುದೊಂದರಿಂದಲೇ ಹೊಸ ರೋಗವು ಸುಮಾರು ಅರ್ಧಕ್ಕೆ ಇಳಿಯಿತು. ೧೯೬೦ರ ದಶಕದಲ್ಲಿ ಆ ದೇಶದ ನೂರು ಹಸುಗಳಲ್ಲಿ ವರ್ಷಕ್ಕೆ ನೂರಕ್ಕೂ ಮಿಗಿಲಾಗಿ ಕಾಣಬರುತ್ತಿದ್ದ ಬಾವಿನ ಪ್ರಸಂಗಗಳು ೧೯೮೦ರ ದಶಕದ ಆರಂಭಕ್ಕೆ ಸುಮಾರು ೪೦ಕ್ಕೆ ಬಂದುವು. ಆದರೆ ಅಲ್ಲಿಂದ ಮುಂದೆ ಇಳಿತ ನಿಧಾನವಾಯಿತು; ಏಕೆಂದರೆ ಉಳಿದವು ಬಹುಮಟ್ಟಿಗೆ ನೆಲದಿಂದ ಬರತಕ್ಕ ಬಾವುಗಳು, ಐದಂಶಗಳ ಕ್ರಮವು ಅವಕ್ಕಾಗಿ ಹುಟ್ಟಿದುದಲ್ಲ.

ಹತ್ತು ಹಸುಗಳ ಲೆಕ್ಕ

ರೋಗದ ಬೆಲೆಯೆಂದರೆ ರೋಗದಿಂದಾದ ನಷ್ಟವೊಂದೇ ಅಲ್ಲ. ಅದನ್ನು ತಡೆಯಲು ಮಾಡಿದ ವೆಚ್ಚವೂ ಅದರಲ್ಲಿ ಸೇರತಕ್ಕದ್ದು. ೧೯೯೨ರಲ್ಲಿ ಇಂಗ್ಲೆಂಡಿನ ಮೆಕ್‌ಇನರ್ನಿಯೂ ಅವರ ಸಂಗಡಿಗರೂ ಈ ತತ್ತ್ವವನ್ನು ವಿವರಿಸುವಾಗ ಕೆಚ್ಚಲು ಬಾವನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ನಷ್ಟ, ವೆಚ್ಚ ಇವೆರಡರ ಮೊತ್ತವು ಎಲ್ಲಿ ಅತ್ಯಂತ ಕಡಮೆಯಾಗುವುದೋ ಅಲ್ಲಿಗೆ ನಿಲ್ಲಿಸುವುದು ಜಾಣತನವೇ ಹೊರತು, ರೋಗವನ್ನು ನಿರ್ಮೂಲ ಮಾಡುವೆನೆಂದು ಒಂದು ರೂಪಾಯಿನ ಹಾಲನ್ನುಳಿಸಲು ಎರಡು ರೂಪಾಯಿಯನ್ನು ಸುರಿಯುವುದು ಜಾಣತನವಲ್ಲ.

ಒಂದು ಕಲ್ಪಿತ ಮಂದೆಯ ಲೆಕ್ಕದಿಂದ ಈ ಮಾತು ಸ್ಪಷ್ಟವಾಗುವುದು. ಕೆಳಗಿನ ದರಗಳೂ ಪ್ರಮಾಣಗಳೂ ದೃಷ್ಟಾಂತಕ್ಕಾಗಿ ಇಟ್ಟುಕೊಂಡವು. ಓದುವವರು ತಮ್ಮ ಊರಿನ ದರಗಳನ್ನೂ ತಮ್ಮ ಕೊಟ್ಟಿಗೆಯ ಅನುಭವವನ್ನೂ ಅಲ್ಲಿ ಸೇರಿಸಿ ನೋಡಿಕೊಳ್ಳತಕ್ಕದ್ದು. ಒಬ್ಬ ಭೂಮಾಲೀಕನಲ್ಲಿ ದಿನಕ್ಕೆ ಸರಾಸರಿ ಹತ್ತು ಲೀಟರು ಕರೆಯುವ ಹತ್ತು ಮಿಶ್ರತಳಿಯ ಹಸುಗಳಿವೆ. ಹಾಲು ಕರೆಯುವ ಅವಧಿ ೩೦೦ ದಿನ. ಹಾಲಿಗೆ ಲೀಟರಿಗೆ ೩೫ ರೂಪಾಯಿ. ಪರೀಕ್ಷೆ ಮಾಡಿದರೆ ಐದು ಹಸುಗಳಲ್ಲಿ ಕಾಣದ ಬಾವು ತೋರಿಬಂದಿತೆಂದೂ, ಅವು ತಲಾ ದಿನಕ್ಕೆ ಒಂದು ಲೀಟರು ಕಡಮೆ ಕೊಡುತ್ತಿವೆಯೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ ಹೋದ ಹಾಲು ೧,೫೦೦ ಲೀಟರು. ಇದಕ್ಕೆ ೩೫ರಂತೆ ಪೂರ್ತಿ ಬೆಲೆ ಕಟ್ಟುವುದು ಸರಿಯಲ್ಲ. ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಪಶು ಆಹಾರವೆಂಬ ರೂಢಿಯಂತೆ, ಕಿಲೋಗೆ ೨೫ ರೂಪಾಯಿಯಾದರೆ, ಕರೆಯದ ಪ್ರತಿ ಲೀಟರಿಗೂ ೧೦ ರೂಪಾಯಿನ ಆಹಾರ ಉಳಿಯಬೇಕು. ಅದನ್ನು ಕಳೆದರೆ ನಿಜವಾದ ನಷ್ಟ ಲೀಟರಿಗೆ ೨೫ ರೂಪಾಯಿ, ಒಟ್ಟು ೩೭,೫೦೦. (ಹಾಲು ಕಡಮೆಯಾದರೂ ಆಹಾರವನ್ನು ಕಡಮೆ ಮಾಡದ ಮನೆಗಳೇ ಹೆಚ್ಚು, ಅಂಥವರ ನಷ್ಟ ಪೂರ್ತಿ ೫೨,೫೦೦.)

ಇನ್ನು ಕಾಣುವ ಬಾವು ವರ್ಷಕ್ಕೆ ಮೂರು ಪ್ರಸಂಗಗಳೆಂದು ಭಾವಿಸಿದರೆ, ಚಿಕಿತ್ಸೆಯ ದಿನಗಳೂ ಔಷಧದ ಅಂಶ ಹಾಲಿನಿಂದ ಬಿಡುವ ದಿನಗಳೂ ಕೂಡಿ ಎಂಟು ದಿನ, ದಿನಕ್ಕೆ ಎಂಟು ಲೀಟರಿನಂತೆ ೬೪ ಲೀಟರು ಚೆಲ್ಲಬೇಕಾಗುವುದು. ಈ ಹಾಲಿಗೆ ಆಹಾರವು ಆಗಲೇ ವೆಚ್ಚವಾಗಿರುವುದರಿಂದ ಪೂರ್ತಿ ದರವನ್ನೇ ಹಿಡಿಯಬೇಕು: ೨,೨೪೦ ರೂಪಾಯಿ. ಔಷಧಕ್ಕೂ ವೈದ್ಯರಿಗೂ ೧,೦೦೦. ಆ ಸೂಲಿನ ಉಳಿದ ದಿನಗಳಲ್ಲಿ ಇನ್ನೂ ೧೫೦ ಲೀಟರು ಕಡಮೆಯಾದರೆ ೩,೭೫೦. ಹೀಗೆ ಒಂದು ಪ್ರಸಂಗಕ್ಕೆ ೬,೯೯೦, ಮೂರಕ್ಕೆ ಸುಮಾರು ೨೧,೦೦೦ ರೂಪಾಯಿ. ಮೂರು ವರ್ಷಕ್ಕೊಮ್ಮೆ ಒಂದು ಹಸುವಿನ ಮೊಲೆ ಕೆಟ್ಟು ಅದರ ಬೆಲೆ ೩೦,೦೦೦ ರೂಪಾಯಿ ಇಳಿದರೆ ವರ್ಷದ ಪಾಲಿಗೆ ೧೦,೦೦೦. ಎಲ್ಲ ಕೂಡಿ ೬೮,೫೦೦ ರೂಪಾಯಿ. ಇದರಲ್ಲಿ ಯಜಮಾನನು ತನ್ನ ಕೈಯಾರ ಎಣಿಸಿ ಕೊಟ್ಟುದು ಔಷಧ ಮತ್ತು ವೈದ್ಯರ ೩,೦೦೦ ಮಾತ್ರ, ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಮೆ. ಅರ್ಧಕ್ಕಿಂತ ಹೆಚ್ಚಿನ ಭಾಗವು ಅವನು ಎಂದೂ ಕಾಣದ ಬಾವಿನದು.

ತಡೆಯುವ ವೆಚ್ಚವನ್ನೂ ಹೀಗೆಯೇ ಬರೆಯಬಹುದು. ಮೊಲೆ ಅದ್ದುವ ದ್ರಾವಣ ಒಂದು ಹಸುವಿಗೆ ಹೊತ್ತಿಗೆ ೧೦ ಮಿಲಿಲೀಟರಿನಂತೆ ವರ್ಷಕ್ಕೆ ೬೦ ಲೀಟರು. ಲೀಟರಿಗೆ ೨೦೦ ರೂಪಾಯಿಯಾದರೆ ೧೨,೦೦೦. ಬತ್ತಿಸುವಾಗಿನ ಔಷಧ ಹತ್ತು ಹಸುಗಳಿಗೆ ೪೦ ಕೊಳವೆ, ೧೫೦ ರೂಪಾಯಿನಂತೆ ೬,೦೦೦. ಪರೀಕ್ಷಾದ್ರವಕ್ಕೆ ೧,೫೦೦. ಹಸುವಿಗೊಂದರಂತೆ ಬೇರೆಬೇರೆ ಬಟ್ಟೆ, ಅವನ್ನು ಕುದಿಸುವುದು ಮುಂತಾದುವಕ್ಕೆ ೧,೫೦೦. ದಿನಕ್ಕೆ ಇಪ್ಪತ್ತು ನಿಮಿಷದ ಹೆಚ್ಚಿನ ಆಳುಗೆಲಸ ವರ್ಷಕ್ಕೆ ನೂರು ಗಂಟೆ, ಗಂಟೆಗೆ ೬೦ರಂತೆ ೬,೦೦೦. ಒಟ್ಟು ೨೭,೦೦೦ ರೂಪಾಯಿ.

ಈ ವೆಚ್ಚ ದಕ್ಕಬೇಕಾದರೆ ನಷ್ಟವು ನೂರಕ್ಕೆ ಸುಮಾರು ೪೦ರಷ್ಟಾದರೂ ಇಳಿಯಬೇಕು. ಮೊದಲನೆಯ ವರ್ಷದಲ್ಲಿ ಅಷ್ಟು ಇಳಿಯುವುದು ಅಪರೂಪ. ಕೆರೆಯಲ್ಲಿ ಆಗಲೇ ನಿಂತ ನೀರು ಹೋಗಬೇಕಷ್ಟೆ. ಮೊದಲ ವರ್ಷ ಕಾಲುಭಾಗ ಮಾತ್ರ ಇಳಿದರೆ ಉಳಿತಾಯ ೧೭,೧೨೫. ಕೈಯಿಂದ ಹೋದುದು ೯,೮೭೫. ಎರಡನೆಯ ವರ್ಷ ಅರ್ಧ ಇಳಿದರೆ ವೆಚ್ಚ ಕಳೆದು ೭,೨೫೦ ಲಾಭ. ಆಗಲೂ ಎರಡು ವರ್ಷಗಳ ಬಾಬಿಗೆ ೨,೬೨೫ ರೂಪಾಯಿ ಬಾಕಿಯೇ. ಮೂರನೆಯ ವರ್ಷ ನೂರಕ್ಕೆ ೬೦ ಇಳಿದರೆ ೧೪,೧೦೦ ಲಾಭ ಬಂದು, ಮೂರು ವರ್ಷಗಳ ಕೊನೆಗೆ ೧೧,೪೭೫ ರೂಪಾಯಿ ಉಳಿಯುವುದು. ಮೊಲೆ ಅದ್ದುವುದನ್ನು ಒಂದು ವರ್ಷ ಮಾಡಿ, ಫಲವಿಲ್ಲವೆಂದು ಬಿಟ್ಟವರು ಅನೇಕರು. ಅವರು ಉತ್ತು ಬಿತ್ತಿ, ತೆನೆ ಬರುವುದಕ್ಕೆ ಮುಂಚೆ ಹೊಲವನ್ನು ಬಿಟ್ಟುಬಂದವರಂತೆ.

ಇದೇ ಲೆಕ್ಕವು ಮತ್ತೊಂದು ಮಾತನ್ನೂ ತಿಳಿಸುವುದು. ಪರೀಕ್ಷೆಯಲ್ಲಿ ಐದು ಹಸುಗಳ ಬದಲು ಒಂದೇ ಹಸುವಿನಲ್ಲಿ ರೋಗ ಕಂಡರೆ, ವರ್ಷದ ನಷ್ಟವೆಲ್ಲ ೨೦,೦೦೦ದ ಒಳಗೇ ಇದ್ದರೆ, ೨೭,೦೦೦ದ ಕ್ರಮವನ್ನು ಹಿಡಿಯುವುದು ಶುದ್ಧ ದುಂದು. ಅಂಥ ಮಂದೆಗೆ ಆ ಒಂದು ಹಸುವನ್ನು ಕೊನೆಯಲ್ಲಿ ಕರೆಯುವುದೂ, ತಿಂಗಳಿಗೊಮ್ಮೆ ಪರೀಕ್ಷೆಯೂ ಸಾಕು. ದಿನಕ್ಕೆ ಎರಡು ಮೂರು ಲೀಟರು ಕರೆದು ಕರುವಿಗೂ ಬಿಡುವ ಮಲೆನಾಡು ಗಿಡ್ಡದಂಥ ನಾಡು ಹಸುವಿಗೆ ದ್ರಾವಣದ ವೆಚ್ಚವನ್ನು ಹೊರಿಸುವುದೂ ವಿವೇಕವಲ್ಲ; ತೊಳೆದ ಕೈ, ಒಣಗಿದ ನೆಲ ಇವೇ ಅದಕ್ಕೆ ತಕ್ಕವು.

ಮೊದಲು ದುಡ್ಡಿಲ್ಲದ ಕೆಲಸಗಳು

ಹಣವನ್ನು ಬಿಚ್ಚುವುದಕ್ಕೆ ಮುಂಚೆ ಬಿಟ್ಟಿಯಾಗಿ ಆಗತಕ್ಕ ಕೆಲಸಗಳನ್ನು ಮುಗಿಸಬೇಕು. ಹಾಲು ಕರೆದ ಮೇಲೆ ಮೊಲೆಯ ರಂಧ್ರವು ಅರ್ಧ ಗಂಟೆಗೂ ಹೆಚ್ಚು ಕಾಲ ಸಡಿಲವಾಗಿ ತೆರೆದಿರುವುದು. ಆ ಹೊತ್ತಿನಲ್ಲಿ ಹಸು ಮಲಗಿದರೆ ನೆಲದ ಕೊಳೆ ನೇರವಾಗಿ ಒಳಸೇರುವುದು. ಕರೆದ ಕೂಡಲೆ ಗೋದಲಿಗೆ ಮೇವು ಹಾಕಿದರೆ ಹಸು ನಿಂತೇ ಇರುವುದು. ಹೇಗೂ ಹಾಕತಕ್ಕ ಮೇವನ್ನು ಹೊತ್ತು ನೋಡಿ ಹಾಕಿದರಾಯಿತು. ಇದಕ್ಕೆ ಕಾಸಿನ ಖರ್ಚಿಲ್ಲ. ಎರಡನೆಯದಾಗಿ, ಚೊಚ್ಚಲು ಹಸುಗಳನ್ನು ಮೊದಲು, ಆರೋಗ್ಯವಾದ ಹಳೆಯವನ್ನು ಆಮೇಲೆ, ರೋಗ ಕಂಡವನ್ನು ಕಟ್ಟಕಡೆಗೆ ಕರೆಯಬೇಕು. ಮೂರನೆಯದಾಗಿ, ಹೆಬ್ಬೆರಳನ್ನು ಮಡಚಿ ಮೊಲೆಯನ್ನು ಒತ್ತಿ ಎಳೆಯುವ ಅಭ್ಯಾಸವನ್ನು ಬಿಡಿಸಿ, ಮುಷ್ಟಿಯಿಂದ ಹಿಂಡುವುದನ್ನು ಆಳುಗಳಿಗೆ ಕಲಿಸಬೇಕು. ಬೆರಳಿನ ಗೆಣ್ಣು ತಾಗಿ ಮೊಲೆಯ ಒಳಪದರಕ್ಕೆ ಪೆಟ್ಟಾದರೆ ಕ್ರಿಮಿಗಳಿಗೆ ಬಾಗಿಲು ತೆರೆದಂತೆಯೇ. ಕೆಚ್ಚಲನ್ನು ತೊಳೆದು ಒದ್ದೆಯಾಗಿಯೇ ಬಿಟ್ಟು ಕರೆಯುವುದು ತೊಳೆಯದಿರುವುದಕ್ಕಿಂತ ಕೇಡು. ಕೊಳೆನೀರು ಮೊಲೆಯ ತುದಿಗೆ ಇಳಿದು ನಿಲ್ಲುವುದು. ಒಣಬಟ್ಟೆಯಿಂದ ಒರೆಸಲೇ ಬೇಕು.

ದುಡ್ಡಿನ ಕೆಲಸಗಳಲ್ಲಿ ಮೊದಲನೆಯ ಸ್ಥಾನ ಮೊಲೆ ಅದ್ದುವುದಕ್ಕೆ. ನೂರಕ್ಕೆ ಅರ್ಧ ಭಾಗ ಅಯೊಡಿನ್ ಇದ್ದು ಗ್ಲಿಸರಿನ್ ಬೆರೆತ ದ್ರಾವಣವು ಸಾಮಾನ್ಯವಾಗಿ ಬಳಕೆಯಲ್ಲಿದೆ. ಬತ್ತಿಸುವಾಗಿನ ಔಷಧವು ಎರಡನೆಯದು. ಹಾಲು ನಿಲ್ಲಿಸಿದ ಮೊದಲ ಎರಡು ವಾರಗಳಲ್ಲಿಯೂ ಕರು ಹಾಕುವ ಹಿಂದಿನ ಎರಡು ವಾರಗಳಲ್ಲಿಯೂ ಹೊಸ ರೋಗವು ಹೆಚ್ಚಾಗಿ ತಗಲುವುದು. ಹಳೆಯ ಬಾವು ವಾಸಿಯಾಗುವುದಕ್ಕೂ ಈ ಕಾಲವೇ ಅನುಕೂಲ, ಚೆಲ್ಲಬೇಕಾದ ಹಾಲೂ ಇರುವುದಿಲ್ಲ. ಎಲ್ಲ ಹಸುಗಳಿಗೂ ಔಷಧ ಏರಿಸಬೇಕೆಂಬುದು ರೆಡಿಂಗ್ ಕ್ರಮದ ನಿಯಮವಾಗಿದ್ದರೂ, ಔಷಧಕ್ಕೆ ಮಣಿಯದ ಕ್ರಿಮಿಗಳು ಹೆಚ್ಚುವುವೆಂಬ ಭಯದಿಂದ ಯೂರೋಪ್ ಒಕ್ಕೂಟವು ೨೦೨೨ರ ಜನವರಿಯಿಂದ ರೋಗವಿಲ್ಲದ ಪ್ರಾಣಿಗಳಿಗೆ ಇಂಥ ಔಷಧಗಳನ್ನು ವಾಡಿಕೆಯಾಗಿ ಕೊಡುವುದನ್ನು ನಿಷೇಧಿಸಿತು. ಪರೀಕ್ಷೆಯಲ್ಲಿ ರೋಗ ಕಂಡ ಹಸುಗಳಿಗೆ ಮಾತ್ರ, ಪಶುವೈದ್ಯರ ಸಲಹೆಯ ಮೇರೆಗೆ ಕೊಡುವುದು ಇಲ್ಲಿಯೂ ಒಳ್ಳೆಯದು. ಮೇಲಿನ ಲೆಕ್ಕದಲ್ಲಿ ೬,೦೦೦ದ ಬಾಬು ೩,೦೦೦ಕ್ಕೆ ಇಳಿಯುವುದು.

ಮಳೆಗಾಲದಲ್ಲಿ ಥಟ್ಟನೆ ಬರುವ ಜ್ವರದ ಬಾವು ಹೆಚ್ಚಾಗಿರುವ ಮನೆಗಳವರು ದ್ರಾವಣಕ್ಕೆ ಕೊಡುವ ಹಣವನ್ನು ಕೊಟ್ಟಿಗೆಯ ಇಳಿಜಾರಿಗೂ ಗಂಜಲದ ಕಾಲುವೆಗೂ ಒಣಹಾಸಿಗೂ ಕೊಡುವುದು ಮೇಲು.

ವಾಸಿಯಾಗದ ಹಸುವಿನ ಪ್ರಶ್ನೆ

ಐದಂಶಗಳಲ್ಲಿ ಕರ್ನಾಟಕಕ್ಕೆ ಅತಿ ಕಷ್ಟವಾದುದು ವಾಸಿಯಾಗದ ಹಸುವನ್ನು ತೆಗೆದುಹಾಕುವುದು. ಇಂಗ್ಲೆಂಡಿನ ರೈತನಿಗೆ ಅಂಥ ಹಸುವಿನಿಂದ ಮಾಂಸದ ಬೆಲೆಯಾದರೂ ಬರುವುದರಿಂದ ಅವನು ಹೆಚ್ಚು ಯೋಚಿಸದೆ ಅದನ್ನು ಮಾರುವನು. ೨೦೨೧ರಲ್ಲಿ ಜಾರಿಗೆ ಬಂದ ಗೋಹತ್ಯಾ ನಿಷೇಧದ ಕಾಯಿದೆಯ ತರುವಾಯ ಇಲ್ಲಿ ಅಂಥ ಬೆಲೆಯ ನಿರೀಕ್ಷೆಯಿಲ್ಲ. ಧರ್ಮಾಧರ್ಮಗಳ ವಿಚಾರ ಹಾಗಿರಲಿ, ಲೆಕ್ಕದ ದೃಷ್ಟಿಯಿಂದ ಇದರ ಅರ್ಥವು ಸ್ಪಷ್ಟ: ಕೆಟ್ಟ ಮೊಲೆಯ ನಷ್ಟವು ಇಲ್ಲಿ ಹೆಚ್ಚು, ಆದಕಾರಣ ಮುಂಚಿತವಾಗಿ ತಡೆಯುವುದರ ಬೆಲೆಯೂ ಹೆಚ್ಚು. ಹಸುವನ್ನು ಇಟ್ಟುಕೊಳ್ಳಲೇಬೇಕಾದಲ್ಲಿ ಕೊಟ್ಟಿಗೆಯ ಕೊನೆಯಲ್ಲಿ ಕಟ್ಟಿ, ಕಡೆಯಲ್ಲಿ ಕರೆದು, ಪಶುವೈದ್ಯರಿಂದ ಆ ಒಂದು ಮೊಲೆಯನ್ನು ಮಾತ್ರ ಬತ್ತಿಸಿಬಿಡಬಹುದು. ಉಳಿದ ಮೂರು ಮೊಲೆಗಳ ಹಾಲಿನ ಬೆಲೆಯು ಅದರ ಮೇವು ಆಹಾರಗಳ ವೆಚ್ಚವನ್ನು ದಾಟುವವರೆಗೆ ಆ ಹಸು ಭಾರವಲ್ಲ. ಕೈಯಿಂದ ಕೈಗೆ ರೋಗವನ್ನು ದಾಟಿಸಲು ಬಿಡಬಾರದಷ್ಟೆ.

ಊರೊಟ್ಟಿನ ಕೆಲಸ

ಒಬ್ಬನ ಕೊಟ್ಟಿಗೆಯ ಶುದ್ಧಿಯಿಂದಲೇ ಎಲ್ಲವೂ ಮುಗಿಯದು. ಒಬ್ಬನೇ ಆಳು ಬೆಳಗಿನ ಜಾವ ನಾಲ್ಕೈದು ಮನೆಗಳಲ್ಲಿ ಹಾಲು ಕರೆಯುವ ಊರುಗಳಲ್ಲಿ, ಒಂದು ಮನೆಯ ಬಾವು ಅವನ ಕೈಯಲ್ಲಿಯೇ ಎಲ್ಲ ಮನೆಗಳಿಗೂ ಹೋಗುವುದು. ಪ್ರತಿ ಮನೆಯಲ್ಲಿಯೂ ಅವನಿಗೆ ಸೋಪು, ಬಿಸಿನೀರು, ಒಣಬಟ್ಟೆ ದೊರೆಯುವಂತೆ ಮುಖ್ಯಸ್ಥರು ಕಟ್ಟುಮಾಡಬೇಕು. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಗುಟ್ಟಾಗಿ ಕ್ಯಾನಿಗೆ ಸುರಿಯುವುದು ಮತ್ತೊಂದು ಊರೊಟ್ಟಿನ ಕೇಡು. ಔಷಧದ ಅಂಶವಿರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದು, ಕುಡಿಯುವವರಿಗೂ ಕೆಟ್ಟದು. ಒಬ್ಬನು ಉಳಿಸಿಕೊಂಡ ಇನ್ನೂರು ರೂಪಾಯಿಗಾಗಿ ಸಂಘದ ಹಾಲೆಲ್ಲ ತಿರಸ್ಕೃತವಾಗಬಹುದು. ಎಷ್ಟು ದಿನ ಹಾಲನ್ನು ಹಾಕಕೂಡದೆಂಬುದನ್ನು ಚಿಕಿತ್ಸೆಯ ದಿನವೇ ಪಶುವೈದ್ಯರಿಂದ ಬರೆಯಿಸಿಕೊಂಡು ಸಂಘದ ಕಾರ್ಯದರ್ಶಿಗೆ ಕೊಡುವ ಪದ್ಧತಿಯು ಲೇಸು.

ಬೆಲೆಯ ವಿಷಯದಲ್ಲಿಯೂ ಒಂದು ಮಾತುಂಟು. ಯೂರೋಪ್ ಒಕ್ಕೂಟದಲ್ಲಿ ಮಾರತಕ್ಕ ಹಸಿ ಹಾಲಿನ ಕಣಗಳ ಸಂಖ್ಯೆಗೆ ಮಿಲಿಲೀಟರಿಗೆ ನಾಲ್ಕು ಲಕ್ಷದ ಮಿತಿಯಿದೆ. ಅಮೆರಿಕದ ನಿಯಮದಲ್ಲಿ ಏಳೂವರೆ ಲಕ್ಷ. ಅಂಥ ಕಡೆಗಳಲ್ಲಿ ಒಳ್ಳೆಯ ಹಾಲಿಗೆ ಹೆಚ್ಚಿನ ದರವೂ ದೊರೆಯುವುದುಂಟು. ಜಿಡ್ಡನ್ನೂ ಘನಾಂಶವನ್ನೂ ಮಾತ್ರ ಅಳೆಯುವ ಗ್ರಾಮದ ಸಂಘದಲ್ಲಿ, ಬಾವಿಲ್ಲದ ಹಾಲು ಹಾಕಿದವನಿಗೂ ಬಾವಿನ ಹಾಲು ಹಾಕಿದವನಿಗೂ ದರ ಬಹುಮಟ್ಟಿಗೆ ಒಂದೇ. ಹೀಗಿರುವಲ್ಲಿ ರೈತನ ಲಾಭವೆಲ್ಲ ಹೆಚ್ಚಿದ ಲೀಟರಿನಿಂದಲೇ ಬರಬೇಕು. ಆ ಕಾರಣದಿಂದಲೇ ಮೇಲಿನ ಲೆಕ್ಕದಲ್ಲಿ ಗುಣಕ್ಕೆ ಒಂದು ಕಾಸನ್ನೂ ಸೇರಿಸಿಲ್ಲ.

ದ್ರಾವಣವನ್ನೂ ಪರೀಕ್ಷಾದ್ರವವನ್ನೂ ಸಂಘದ ಮೂಲಕ ದೊಡ್ಡ ಪ್ರಮಾಣದಲ್ಲಿ ತರಿಸಿ ಹಂಚಿದರೆ, ಎರಡು ಹಸುಗಳಿರುವ ಮನೆಗೂ ಹತ್ತು ಹಸುಗಳಿರುವ ಮನೆಗೂ ತಲಾ ವೆಚ್ಚ ಸಮನಾಗುವುದು. ತಿಂಗಳಿಗೊಂದು ಗೊತ್ತಾದ ದಿನ ಊರಿನ ಎಲ್ಲ ಕರೆಯುವ ಹಸುಗಳಿಗೂ ಪರೀಕ್ಷೆ ನಡೆಸಿ, ಹಸುವಿನ ಗುರುತು, ಸೂಲು, ನಾಲ್ಕು ಮೊಲೆಗಳ ಫಲ, ಆ ದಿನದ ಹಾಲು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಯಾವ ಮನೆಗೆ ದ್ರಾವಣ ಬೇಕು, ಯಾವ ಮನೆಗೆ ಬೇಡ ಎಂಬುದು ಮೂರು ತಿಂಗಳಲ್ಲಿ ತಾನಾಗಿಯೇ ತಿಳಿಯುವುದು. ಜಾತ್ರೆಯಿಂದಲೋ ಸಂತೆಯಿಂದಲೋ ಹೊಸ ಹಸುವನ್ನು ತರುವಾಗಲೂ ಇದೇ ತಟ್ಟೆಯನ್ನು ಜೊತೆಯಲ್ಲಿ ಒಯ್ಯಬಹುದು. ಮಾರುವವನು ಹಸುವನ್ನು ತನ್ನ ಕೈಯಿಂದ ಕರೆದು ತೋ‌ರಿಸಿದರೆ ಸಾಲದು. ಕೊಳ್ಳುವವನು ನಾಲ್ಕು ಮೊಲೆಗಳನ್ನೂ ತಾನೇ ಹಿಂಡಿ, ಗಂಟುಗಳಿವೆಯೇ ಎಂದು ಕರೆದಾದ ಮೇಲೆ ಕೆಚ್ಚಲನ್ನು ಒತ್ತಿ ನೋಡಿ, ಹಾಲನ್ನು ತಟ್ಟೆಗೆ ಹಾಕಿ ತಿರುಗಿಸಿ, ಆಮೇಲೆ ಬೆಲೆಯ ಮಾತಿಗೆ ಬರತಕ್ಕದ್ದು.